ಮಿದುಳಿನ ಆಪರೇಷನ್ ಆದಮೇಲೆ ‘ಗುಣ ಆಯ್ತು’ ಅಂತ ಹೇಳಬೇಕಾದವರು ಯಾರು?

1935ರ ನವೆಂಬರ್. ಪೋರ್ಚುಗಲ್‌ನ ಲಿಸ್ಬನ್ ನಗರ. 63 ವರ್ಷದ ಒಬ್ಬ ಮಹಿಳೆಯನ್ನು ಬೊಂಬಾರ್ಡಾ ಮಾನಸಿಕ ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಬಂದರು. ಆಕೆಗೆ ತೀವ್ರ ಖಿನ್ನತೆ. ಜೊತೆಗೆ ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆ ಎಂಬ ಭಯ. ಆಪರೇಷನ್‌ನ ಯೋಚನೆ ನರರೋಗ ತಜ್ಞ ಎಗಾಸ್ ಮೊನಿಜ್ ಅವರದು. ಕೀಲುವಾತದಿಂದ ಅವರ ಕೈಗಳು ಸೊಟ್ಟಗಾಗಿದ್ದವು. ಹಾಗಾಗಿ ಆಪರೇಷನ್ ಮಾಡಿದ್ದು ಸರ್ಜನ್ ಅಲ್ಮೇಡಾ ಲಿಮಾ. ತಲೆಬುರುಡೆಯಲ್ಲಿ ಎರಡು ತೂತು ಕೊರೆದು, ಮಿದುಳಿನ ಮುಂಭಾಗದ ಒಳಗೆ ಆಲ್ಕೋಹಾಲ್ ಇಂಜೆಕ್ಟ್ ಮಾಡಿದರು. ಅಲ್ಲಿನ ನರತಂತುಗಳನ್ನು ಸಾಯಿಸುವುದೇ ಉದ್ದೇಶ. ಆಮೇಲೆ ಮೊನಿಜ್ ಆ ಮಹಿಳೆಯ ಹೆಸರನ್ನು ಗುಣವಾದವರ ಪಟ್ಟಿಗೆ ಸೇರಿಸಿದರು.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಅವರ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೊನಿಜ್‌ಗೆ ಮೊದಲ ರೋಗಿಗಳನ್ನು ಒದಗಿಸಿದ ಮನೋವೈದ್ಯ ಸೋಬ್ರಾಲ್ ಸಿಡ್. ಆಪರೇಷನ್ ಆಗಿ ವಾಪಸ್ ಬಂದವರನ್ನು ಅವರು ನೋಡುತ್ತಿದ್ದರು. ನೋಡಿ ನೋಡಿ ಅವರಿಗೆ ಅನ್ನಿಸಿದ್ದೇ ಬೇರೆ. ಇವರು ಗುಣವಾಗಿಲ್ಲ, ಇವರ ವ್ಯಕ್ತಿತ್ವವೇ ಕುಗ್ಗಿಹೋಗಿದೆ ಎಂದರು. ಇನ್ನು ಮುಂದೆ ರೋಗಿಗಳನ್ನು ಕಳಿಸುವುದಿಲ್ಲ ಎಂದರು.

ಒಂದೇ ಆಪರೇಷನ್, ಅದೇ ರೋಗಿಗಳು. ಒಬ್ಬರ ಕಣ್ಣಿಗೆ ‘ಗುಣ’ ಕಂಡಿತು, ಇನ್ನೊಬ್ಬರ ಕಣ್ಣಿಗೆ ನಷ್ಟ ಕಂಡಿತು. ತೊಂಬತ್ತು ವರ್ಷ ಆಗಿದೆ. ಮಾನಸಿಕ ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬಹುದಾ ಅಂತ ಮನೋವೈದ್ಯರು ಇವತ್ತು ವಾದ ಮಾಡುವಾಗಲೂ ಬುಡದಲ್ಲಿರುವುದು ಇದೇ ಜಗಳ ಅಂತ ನನಗೆ ಅನ್ನಿಸುತ್ತದೆ. ಕತ್ತರಿ ಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಕತ್ತರಿ ಹಾಕಿದಮೇಲೆ ಚೆನ್ನಾಗಿದ್ದಾರೆ ಅಂತ ತೀರ್ಮಾನ ಮಾಡುವವರು ಯಾರು, ಯಾವ ಅಳತೆಯಿಂದ? ಮೊದಲು ಕೇಳಬೇಕಾದ್ದು ಅದು.

ಮೊನಿಜ್ ತಮ್ಮ ಮೊದಲ 20 ರೋಗಿಗಳಲ್ಲಿ 7 ಜನ ಗುಣವಾದರು, 7 ಜನ ಸುಧಾರಿಸಿದರು, 6 ಜನರಲ್ಲಿ ಬದಲಾವಣೆ ಇಲ್ಲ ಎಂದು ವರದಿ ಕೊಟ್ಟರು. ಅಷ್ಟು ಹೊತ್ತಿಗೆ ಆ ರೋಗಿಗಳನ್ನು ಗಮನಿಸಿದ್ದು ಕೆಲವೇ ವಾರ. ಅಷ್ಟರಲ್ಲೇ ಸುದ್ದಿ ಸಾಗರ ದಾಟಿತು. 1936ರಲ್ಲಿ ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಇದನ್ನು ಶುರು ಮಾಡಿದರು. ಲೊಬಾಟಮಿ ಎಂದು ಹೆಸರಿಟ್ಟರು. 1946ರಲ್ಲಿ ಫ್ರೀಮನ್ ಇನ್ನೊಂದು ದಾರಿ ಹಿಡಿದರು. ಐಸ್ ಒಡೆಯುವ ಚೂಪು ಸಲಾಕೆಯಂಥ ಉಪಕರಣ. ಅದನ್ನು ಕಣ್ಣುಗುಡ್ಡೆಯ ಮೇಲ್ಭಾಗದಿಂದ ತೂರಿಸುವುದು, ಅಲ್ಲಿನ ತೆಳ್ಳಗಿನ ಮೂಳೆಯನ್ನು ಸುತ್ತಿಗೆ ಏಟಿನಿಂದ ಒಡೆಯುವುದು, ಒಳಗೆ ಹೋದಮೇಲೆ ಅತ್ತಿತ್ತ ಆಡಿಸಿ ತಂತುಗಳನ್ನು ಕಡಿಯುವುದು. ಫ್ರೀಮನ್ ಸರ್ಜನ್ ಆಗಿರಲಿಲ್ಲ. ಸರ್ಜನ್ ಆಗಿದ್ದ ವಾಟ್ಸ್ ಇದನ್ನು ಒಪ್ಪದೆ ದೂರವಾದರು. ಫ್ರೀಮನ್ ಒಬ್ಬರೇ ಸುಮಾರು 3,500 ಜನರಿಗೆ ಲೊಬಾಟಮಿ ಮಾಡಿದರು. ಅಮೆರಿಕದಲ್ಲಿ ಒಟ್ಟು 40,000ಕ್ಕೂ ಹೆಚ್ಚು ಜನರಿಗೆ ಇದು ಆಯಿತು ಎನ್ನುವ ಅಂದಾಜಿದೆ. 1949ರಲ್ಲಿ ಮೊನಿಜ್‌ಗೆ ನೊಬೆಲ್ ಬಂತು.

ಆ ಕಾಲದ ಆಸ್ಪತ್ರೆಗಳ ಸ್ಥಿತಿಯನ್ನೂ ಹೇಳಬೇಕು. ಸಾವಿರಾರು ಜನರನ್ನು ತುಂಬಿದ ವಾರ್ಡ್‌ಗಳು. ಕೊಡಲು ಮಾತ್ರೆಯೇ ಇಲ್ಲ. ಒಳಗೆ ಬಂದವರು ಅಲ್ಲೇ ಮುದುಕರಾಗುತ್ತಿದ್ದರು. ಕಿರುಚುತ್ತಿದ್ದವರು ಸುಮ್ಮನಾದರೆ, ಬಟ್ಟೆ ಹರಿದುಕೊಳ್ಳುತ್ತಿದ್ದವರು ಹೇಳಿದಂತೆ ಕೂತರೆ, ಮನೆಗೆ ಕಳಿಸಬಹುದು ಅನ್ನಿಸಿದರೆ ಅದನ್ನೇ ಗುಣ ಎಂದು ಬರೆದುಕೊಂಡರು. ‘ನಿಮಗೆ ಈಗ ಹೇಗನ್ನಿಸುತ್ತಿದೆ? ಮೊದಲು ಇಷ್ಟಪಡುತ್ತಿದ್ದನ್ನು ಈಗಲೂ ಇಷ್ಟಪಡುತ್ತೀರಾ?’ ಎಂದು ಕೇಳಿ ಬರೆದುಕೊಂಡವರು ಕಡಿಮೆ.

1941ರಲ್ಲಿ ರೋಸ್‌ಮೇರಿ ಕೆನಡಿ ಅವರಿಗೆ ಆಗಿದ್ದು ಇದಕ್ಕೆ ಸಾಕ್ಷಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ ಅವರ ತಂಗಿ. ಆಗ 23 ವರ್ಷ. ಸಿಟ್ಟು ಜಾಸ್ತಿ, ಹೇಳಿದ ಮಾತು ಕೇಳುವುದಿಲ್ಲ ಎಂದು ತಂದೆ ಆಪರೇಷನ್‌ಗೆ ಒಪ್ಪಿದರು. ರೋಸ್‌ಮೇರಿ ಎಚ್ಚರವಾಗಿಯೇ ಇದ್ದರು. ವಾಟ್ಸ್ ಕತ್ತರಿಸುತ್ತಾ ಹೋದರು. ಫ್ರೀಮನ್ ಪಕ್ಕದಲ್ಲಿ ನಿಂತು ಪ್ರಾರ್ಥನೆ ಹೇಳು, ಅಂಕಿಗಳನ್ನು ಹಿಂದಿನಿಂದ ಎಣಿಸು ಎಂದು ಹೇಳಿಸುತ್ತಾ ಹೋದರು. ಎಷ್ಟು ಕತ್ತರಿಸಬೇಕು ಎಂಬುದಕ್ಕೆ ಆಕೆಯ ಮಾತೇ ಅಳತೆಗೋಲು. ಮಾತು ತೊದಲಿ ಅರ್ಥ ಕೆಟ್ಟಾಗ ನಿಲ್ಲಿಸಿದರು. ಆಮೇಲೆ ರೋಸ್‌ಮೇರಿಗೆ ಸರಿಯಾಗಿ ನಡೆಯಲು, ಮಾತಾಡಲು ಆಗಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಬೇರೆಯವರ ಆರೈಕೆಯಲ್ಲೇ ಇದ್ದರು.

ಹಳೆಯದನ್ನು ಇಷ್ಟು ಎಳೆದಿದ್ದಕ್ಕೆ ಕಾರಣವಿದೆ. ಮಿದುಳಿನ ಆಪರೇಷನ್ ಅಂದ ತಕ್ಷಣ ಮನೋವೈದ್ಯರು ಹಿಂದೆ ಸರಿಯುವುದು ಅಜ್ಞಾನದಿಂದಲ್ಲ. ಅದು ಅವರ ವೃತ್ತಿಯ ನೆನಪು. ಅಂದು ರೋಗಿಗಳನ್ನು ಕಳಿಸಿಕೊಟ್ಟವರು, ಪಕ್ಕದಲ್ಲಿ ನಿಂತವರು, ಫಲಿತಾಂಶ ಬರೆದವರು ಮನೋವೈದ್ಯರೇ. ತಪ್ಪು ಸರ್ಜನ್‌ಗಳದು ಮಾತ್ರ ಎಂದು ಕೈ ತೊಳೆದುಕೊಳ್ಳಲು ಅವರಿಗೆ ಆಗುವುದಿಲ್ಲ.

1950ರಲ್ಲಿ ಸೋವಿಯತ್ ಒಕ್ಕೂಟ ಲೊಬಾಟಮಿಯನ್ನು ನಿಷೇಧಿಸಿತು. 1952ರ ಹೊತ್ತಿಗೆ ಫ್ರಾನ್ಸ್‌ನಲ್ಲಿ ಕ್ಲೋರ್‌ಪ್ರೊಮಝೈನ್ ಎಂಬ ಮಾನಸಿಕ ಕಾಯಿಲೆಯ ಔಷಧಿ ಬಳಕೆಗೆ ಬಂತು. ಮಾತ್ರೆ ಬಂದಮೇಲೆ ಸುತ್ತಿಗೆ ಹಿಂದೆ ಸರಿಯಿತು. ಆದರೆ ಆಪರೇಷನ್ ಪೂರ್ತಿ ನಿಲ್ಲಲಿಲ್ಲ. ಅದು ಸಣ್ಣದಾಯಿತು, ಗುರಿ ನಿಖರವಾಯಿತು. ತಲೆಗೆ ಚೌಕಟ್ಟು ಬಿಗಿದು, ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಗುರುತಿಸಿ, ಅಷ್ಟೇ ಜಾಗವನ್ನು ಸುಡುವ ವಿಧಾನಗಳು ಬಂದವು. ಸಿಂಗ್ಯುಲಾಟಮಿ ಮತ್ತು ಕ್ಯಾಪ್ಸುಲಾಟಮಿ ಆ ಸಾಲಿನವು. ತಲೆ ತೆರೆಯದೆ ಹೊರಗಿನಿಂದ ವಿಕಿರಣ ಹಾಯಿಸಿ ಅದೇ ಕೆಲಸ ಮಾಡುವ ಗಾಮಾ ನೈಫ್ ಕೂಡ ಬಂತು.

1960–70ರ ದಶಕದಲ್ಲಿ ಇನ್ನೊಂದು ಅಪಾಯ ಕಾಣಿಸಿಕೊಂಡಿತು. ಹಿಂಸಾಚಾರ ಮಾಡುವವರಿಗೆ ಆಪರೇಷನ್, ಸಲಿಂಗಕಾಮಿಗಳಿಗೆ ಆಪರೇಷನ್. ಅಂದರೆ ನರಳುತ್ತಿರುವವರಿಗಲ್ಲ, ಸಮಾಜಕ್ಕೆ ಬೇಡವಾದವರಿಗೆ. 1973ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನ್ಯಾಯಾಲಯವೊಂದು ಇದಕ್ಕೆ ಅಡ್ಡ ಹಾಕಿತು. ಬಲವಂತವಾಗಿ ಆಸ್ಪತ್ರೆಯಲ್ಲಿ ಕೂಡಿಹಾಕಿದ ವ್ಯಕ್ತಿ ಇಂಥ ಪ್ರಾಯೋಗಿಕ ಆಪರೇಷನ್‌ಗೆ ಕೊಡುವ ಒಪ್ಪಿಗೆ ನಿಜವಾದ ಒಪ್ಪಿಗೆ ಅಲ್ಲ ಎಂದಿತು. ಬಾಗಿಲು ತೆರೆಯುವ ಕೀಲಿ ಡಾಕ್ಟರ ಕೈಯಲ್ಲಿರುವಾಗ ‘ಬೇಡ’ ಅನ್ನುವುದು ಸುಲಭವೇ? ಅದಾಗಿ ನಾಲ್ಕು ವರ್ಷಕ್ಕೆ, 1977ರಲ್ಲಿ, ಅಲ್ಲಿನ ರಾಷ್ಟ್ರೀಯ ಆಯೋಗವೊಂದು ವರದಿ ಕೊಟ್ಟಿತು. ಪೂರ್ತಿ ನಿಷೇಧಿಸಿ ಎನ್ನುತ್ತದೆ ಅಂತ ಎಷ್ಟೋ ಜನ ಕಾದಿದ್ದರು. ಆಯೋಗ ಹಾಗೆ ಹೇಳಲಿಲ್ಲ. ಕೆಲವರಿಗೆ ಕೆಲವು ವಿಧಾನಗಳಿಂದ ಉಪಯೋಗ ಆಗಿದೆ, ಆದರೆ ಬಿಗಿ ಕಾವಲು ಬೇಕು ಎಂದಿತು.

ಈಗಿನ ವಿಷಯಕ್ಕೆ ಬರೋಣ.

ಇವತ್ತು ಈ ಚಿಕಿತ್ಸೆ ಹೆಚ್ಚಾಗಿ ಚರ್ಚೆಯಾಗುವುದು ಎರಡು ಕಾಯಿಲೆಗಳಿಗೆ. ಒಂದು ಗೀಳು ಕಾಯಿಲೆ, ಅಂದರೆ ಒಸಿಡಿ. ಇನ್ನೊಂದು ಯಾವ ಔಷಧಿಗೂ ಬಗ್ಗದ ಖಿನ್ನತೆ. ಒಸಿಡಿ ಅಂದರೆ ಸ್ವಲ್ಪ ಜಾಸ್ತಿ ಕ್ಲೀನ್ ಮಾಡುವ ಸ್ವಭಾವ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಒಬ್ಬರು ಬೆಳಗ್ಗೆ ನಲ್ಲಿ ಮುಂದೆ ನಿಲ್ಲುತ್ತಾರೆ ಅಂದುಕೊಳ್ಳಿ. ಕೈ ತೊಳೆಯುತ್ತಾರೆ. ನಲ್ಲಿ ನಿಲ್ಲಿಸಬೇಕೆಂದರೆ ಅದನ್ನು ಮುಟ್ಟಬೇಕು. ಮುಟ್ಟಿದರೆ ಮತ್ತೆ ಕೊಳೆ. ಮತ್ತೆ ತೊಳೆಯುತ್ತಾರೆ. ಎಣಿಕೆ ತಪ್ಪಿದರೆ ಮೊದಲಿಂದ. ಮಧ್ಯಾಹ್ನವಾದರೂ ಅಲ್ಲೇ. ಚರ್ಮ ಒಡೆದು ರಕ್ತ ಬರುತ್ತಿರುತ್ತದೆ. ಕೈ ಸ್ವಚ್ಛವಾಗಿದೆ ಅಂತ ಅವರಿಗೂ ಗೊತ್ತು. ಗೊತ್ತಿದ್ದೂ ನಿಲ್ಲಿಸಲು ಆಗುವುದಿಲ್ಲ. ಇದು ವರ್ಷಗಟ್ಟಲೆ, ದಿನಾ. ಕೆಲಸ ಹೋಗಿದೆ, ಮದುವೆ ಮುರಿದಿದೆ. ಮಾತ್ರೆಗಳೆಲ್ಲ ಮುಗಿದಿವೆ. ಇಂಥವರಿಗೆ ಇನ್ನೇನೂ ದಾರಿ ಇಲ್ಲ ಎಂದು ಹೇಳಿ ಕಳಿಸಬೇಕಾ?

ಆಗುವುದಿಲ್ಲ ಅನ್ನುವ ಮನೋವೈದ್ಯರ ವಾದ ಹೀಗೆ. ಪಾರ್ಕಿನ್ಸನ್ ರೋಗಿಯ ಮಿದುಳಿಗೆ ಎಲೆಕ್ಟ್ರೋಡ್ ಹಾಕಿ ಕರೆಂಟ್ ಬಿಟ್ಟರೆ ಕೈ ನಡುಕ ನಿಲ್ಲುವುದು ಎದುರಿಗೇ ಕಾಣುತ್ತದೆ. ಯಾರು ನೋಡಿದರೂ ಒಂದೇ ಉತ್ತರ. ಮನಸ್ಸಿನ ಕಾಯಿಲೆಗೆ ಅಂಥ ನಡುಕ ಇಲ್ಲ. ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನ್‌ನಲ್ಲಿ ‘ಇದೇ ಖಿನ್ನತೆ’ ಎಂದು ಬೆರಳಿಟ್ಟು ತೋರಿಸುವ ಗುರುತಿಲ್ಲ. ಎಲ್ಲಿ ಕೆಟ್ಟಿದೆ ಎಂದು ಖಚಿತವಾಗಿ ಗೊತ್ತಿಲ್ಲದ ಜಾಗದಲ್ಲಿ ಮತ್ತೆ ಬೆಳೆಯದ ಅಂಗವನ್ನು ಸುಡುವುದು ಹೇಗೆ ಸರಿ?

ಆಗುತ್ತದೆ ಅನ್ನುವವರ ಹತ್ತಿರವೂ ಅಂಕಿಗಳಿವೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಿಂಗ್ಯುಲಾಟಮಿ ಆದ 44 ಒಸಿಡಿ ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಬಂತು. ಸುಮಾರು ಮೂರನೇ ಒಂದು ಭಾಗದಷ್ಟು ಜನ ಚೆನ್ನಾಗಿ ಸುಧಾರಿಸಿದ್ದರು. ಕಡಿಮೆ ಅನ್ನಿಸಬಹುದು. ಆದರೆ ಇವರೆಲ್ಲ ಬೇರೆ ಯಾವುದರಿಂದಲೂ ಸುಧಾರಿಸದೆ ಅಲ್ಲಿಗೆ ಬಂದವರು.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ಕಾಡಿದೆ. ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಕ್ರಿಶ್ಚಿಯನ್ ರೂಕ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ್ದು. ಒಸಿಡಿಗಾಗಿ ಕ್ಯಾಪ್ಸುಲಾಟಮಿ ಆಗಿದ್ದ 25 ಜನರನ್ನು ಸರಾಸರಿ 11 ವರ್ಷಗಳ ನಂತರ ಹುಡುಕಿ ಪರೀಕ್ಷಿಸಿದರು. ಗೀಳಿನ ಅಳತೆಪಟ್ಟಿ ನೋಡಿದರೆ ಅರ್ಧದಷ್ಟು ಜನರಿಗೆ ಉಪಯೋಗ ಆಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಗೆಲುವಿನ ವರದಿ ಆಗುತ್ತಿತ್ತು. ಅವರು ನಿಲ್ಲಿಸಲಿಲ್ಲ. ಬೇರೆ ತೊಂದರೆ ಏನಾದರೂ ಇದೆಯಾ ಎಂದು ವಿವರವಾಗಿ ನೋಡಿದರು. 10 ಜನರಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕೆಲಸ ಯೋಜಿಸಿ ಮಾಡಲಾಗದಿರುವುದು, ಹತೋಟಿ ಇಲ್ಲದೆ ವರ್ತಿಸುವುದು ಎದ್ದು ಕಾಣುತ್ತಿತ್ತು. ಕಾಯಿಲೆಯಿಂದ ಪೂರ್ತಿ ಹೊರಬಂದು, ಅಡ್ಡಪರಿಣಾಮವೂ ಇಲ್ಲದೆ ಇದ್ದವರು ಬರೀ 3 ಜನ.

ಗೀಳಿನ ಪಟ್ಟಿಯಲ್ಲಿ ಅಂಕ ಇಳಿದಿದೆ. ನಲ್ಲಿ ಮುಂದೆ ನಿಲ್ಲುವುದು ನಿಂತಿದೆ. ಆದರೆ ಆ ಮನುಷ್ಯ ಈಗ ಸೋಫಾದಿಂದ ಏಳುವುದೇ ಇಲ್ಲ. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಜೊತೆಯಲ್ಲಿ ಬದುಕುವ ಹೆಂಡತಿಗೋ ತಾಯಿಗೋ ಮಾತ್ರ ಅದು ಗೊತ್ತು. ಸೋಬ್ರಾಲ್ ಸಿಡ್ 1930ರ ದಶಕದಲ್ಲಿ ಹೇಳಿದ್ದು ಇದನ್ನೇ ಅಲ್ವಾ? ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ತೊಂದರೆಯಾದವರಲ್ಲಿ ಹೆಚ್ಚಿನವರಿಗೆ ವಿಕಿರಣ ಜಾಸ್ತಿ ಪ್ರಮಾಣದಲ್ಲಿ ಹೋಗಿತ್ತು, ಇಲ್ಲವೇ ಒಂದಕ್ಕಿಂತ ಹೆಚ್ಚು ಆಪರೇಷನ್ ಆಗಿತ್ತು. ಈಗ ಸುಡುವ ಜಾಗ ಇನ್ನೂ ಚಿಕ್ಕದಾಗಿದೆ.

ಸುಡದೆಯೂ ಮಾಡಬಹುದು ಎನ್ನುವ ದಾರಿ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್. ಮಿದುಳಿನ ಆಳಕ್ಕೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪದ ಎಲೆಕ್ಟ್ರೋಡ್‌ಗಳನ್ನು ಇಳಿಸುತ್ತಾರೆ. ಅಲ್ಲಿಂದ ವೈರ್ ಚರ್ಮದ ಕೆಳಗೇ ಕುತ್ತಿಗೆ ದಾಟಿ ಎದೆಯ ಮೇಲ್ಭಾಗದಲ್ಲಿರುವ ಬ್ಯಾಟರಿಗೆ ಸೇರುತ್ತದೆ. ಪೇಸ್‌ಮೇಕರ್ ಇದ್ದ ಹಾಗೆ. ಕರೆಂಟ್ ಹೆಚ್ಚು ಕಡಿಮೆ ಮಾಡಬಹುದು, ಆಫ್ ಮಾಡಬಹುದು. ಪಾರ್ಕಿನ್ಸನ್‌ನಂಥ ನಡುಕದ ಕಾಯಿಲೆಗಳಿಗೆ ಇದು ಮೊದಲೇ ಬಳಕೆಯಲ್ಲಿತ್ತು. ಒಸಿಡಿಗೆ ಬಳಸಿದ ವರದಿ 1999ರಲ್ಲಿ ಬೆಲ್ಜಿಯಂನ ಬಾರ್ಟ್ ನಟಿನ್ ಅವರ ತಂಡದಿಂದ ಬಂತು.

2005ರಲ್ಲಿ ನರರೋಗ ತಜ್ಞೆ ಹೆಲೆನ್ ಮೇಬರ್ಗ್, ಸರ್ಜನ್ ಆಂಡ್ರೆಸ್ ಲೊಜಾನೊ ಮತ್ತು ಜೊತೆಗಾರರು ಕೆನಡಾದ ಟೊರಾಂಟೊದಲ್ಲಿ ಆರು ಜನ ಖಿನ್ನತೆ ರೋಗಿಗಳಿಗೆ ಇದನ್ನು ಮಾಡಿದ ವರದಿ ಕೊಟ್ಟರು. ಆಪರೇಷನ್ ಟೇಬಲ್ ಮೇಲೆ ರೋಗಿಗಳು ಎಚ್ಚರವಾಗಿದ್ದರು. ಯಾವಾಗ ಕರೆಂಟ್ ಹಾಯುತ್ತಿದೆ ಅಂತ ಅವರಿಗೆ ಹೇಳಿರಲಿಲ್ಲ. ಸರಿಯಾದ ಜಾಗಕ್ಕೆ ಹಾಯಿಸಿದಾಗ ತಾವಾಗಿಯೇ ಹೇಳಿದರು: ಏನೋ ಶಾಂತ ಅನ್ನಿಸುತ್ತಿದೆ, ಒಳಗಿದ್ದ ಖಾಲಿತನ ಹೋಯಿತು. ಕೋಣೆಯ ಬಣ್ಣಗಳು ಗಾಢವಾಗಿ ಕಾಣುತ್ತಿವೆ ಎಂದೂ ಹೇಳಿದರು. ಆರು ತಿಂಗಳ ನಂತರ ಆರರಲ್ಲಿ ನಾಲ್ವರು ಚೆನ್ನಾಗಿದ್ದರು.

ಓದಿದರೆ ಮೈ ಜುಮ್ಮೆನ್ನುತ್ತದೆ. ಮನೋವೈದ್ಯರಲ್ಲೂ ಎಷ್ಟೋ ಜನರಿಗೆ ಆಸೆ ಹುಟ್ಟಿತು. ಆದರೆ ಮುಂದೆ ನಡೆದ ದೊಡ್ಡ ಪರೀಕ್ಷೆಗಳು ತಣ್ಣೀರು ಎರಚಿದವು. ಎಲ್ಲರಿಗೂ ಎಲೆಕ್ಟ್ರೋಡ್ ಹಾಕಿ, ಕೆಲವರಿಗೆ ಕರೆಂಟ್ ಬಿಡದೆ, ಯಾರಿಗೆ ಆನ್ ಆಗಿದೆ ಅಂತ ರೋಗಿಗೂ ಅಳೆಯುವವರಿಗೂ ಗೊತ್ತಿಲ್ಲದ ಹಾಗೆ ಮಾಡುವುದು ಇದರ ಕ್ರಮ. 2015ರಲ್ಲಿ ಬಂದ 30 ಜನರ ಪರೀಕ್ಷೆಯಲ್ಲಿ 16 ವಾರಕ್ಕೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮೇಬರ್ಗ್ ಗುರುತಿಸಿದ ಜಾಗವನ್ನೇ ಬಳಸಿದ 90 ಜನರ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಗೆಲ್ಲುವ ಲಕ್ಷಣ ಇಲ್ಲ ಎಂದು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಆರು ತಿಂಗಳಿಗೆ ಅಲ್ಲೂ ವ್ಯತ್ಯಾಸ ಕಂಡಿರಲಿಲ್ಲ.

ವಿಚಿತ್ರ ಅಂದರೆ, ಅದೇ ಜನರನ್ನು ಎರಡು ವರ್ಷ ನೋಡಿದಾಗ ಅರ್ಧದಷ್ಟು ಜನ ಸುಧಾರಿಸಿದ್ದರು. ಇಲ್ಲಿ ಮನೋವೈದ್ಯರು ಎರಡು ಪಾಲಾಗುತ್ತಾರೆ. ಎರಡು ವರ್ಷದಲ್ಲಿ ಖಿನ್ನತೆ ತಾನಾಗಿಯೇ ಏರಿಳಿಯುತ್ತದೆ, ತಜ್ಞರು ಇಷ್ಟೊಂದು ಗಮನ ಕೊಟ್ಟರೆ ಯಾರಿಗಾದರೂ ಚೂರು ಹಿತ ಅನ್ನಿಸುತ್ತದೆ, ಇದನ್ನು ಚಿಕಿತ್ಸೆಯ ಗೆಲುವು ಅನ್ನಬೇಡಿ ಎನ್ನುತ್ತಾರೆ ಒಬ್ಬರು. ಹತ್ತಾರು ವರ್ಷ ಅಲ್ಲಾಡದ ಖಿನ್ನತೆ ಸುಮ್ನೆ ಹೋಗುವುದಿಲ್ಲ, ಕರೆಂಟ್ ಹದ ಮಾಡಲು, ಮಿದುಳು ಒಗ್ಗಿಕೊಳ್ಳಲು ತಿಂಗಳುಗಳು ಬೇಕು, ಅಳತೆಗೆ ಅವಸರ ಮಾಡಿದಿರಿ ಎನ್ನುತ್ತಾರೆ ಇನ್ನೊಬ್ಬರು. ನನಗೆ ಎರಡನೆಯವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಹಾಗೇ ಮಾಡಿ ನೋಡಿದರು. ಮೊದಲು ತಿಂಗಳುಗಟ್ಟಲೆ ಹದ ಮಾಡಿದರು, ಆಮೇಲೆ ಗುಟ್ಟಾಗಿ ಆನ್–ಆಫ್ ಪರೀಕ್ಷೆ. 2016ರ ಆ ವರದಿಯಲ್ಲಿ 25 ಜನರಲ್ಲಿ 10 ಜನ ಸುಧಾರಿಸಿದ್ದರು. ಆನ್ ಮತ್ತು ಆಫ್ ನಡುವೆ ಸ್ಪಷ್ಟ ವ್ಯತ್ಯಾಸ ಕಂಡಿತು.

ಆಸೆ ಇಟ್ಟುಕೊಂಡವರೂ ಕಣ್ಣು ಮುಚ್ಚಿ ಕೂತಿಲ್ಲ. ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2009ರಲ್ಲಿ ಒಸಿಡಿಗೆ ಡಿಬಿಎಸ್ ಬಳಸಲು ವಿಶೇಷ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಗೆ ಇದು ಕೆಲಸ ಮಾಡುತ್ತದೆ ಎಂದು ಪೂರ್ತಿ ಸಾಬೀತಾಗಬೇಕಿಲ್ಲ, ಉಪಯೋಗ ಆಗಬಹುದು ಎಂದು ತೋರಿಸಿದರೆ ಸಾಕು. 2011ರಲ್ಲಿ ಇದನ್ನು ಬಹಿರಂಗವಾಗಿ ಟೀಕಿಸಿದವರಲ್ಲಿ ಮೇಬರ್ಗ್ ಮತ್ತು ನಟಿನ್ ಇಬ್ಬರೂ ಇದ್ದರು. ತಾವೇ ಬೆಳೆಸಿದ ಚಿಕಿತ್ಸೆಗೆ ಬಾಗಿಲು ಇಷ್ಟು ಸಲೀಸಾಗಿ ತೆರೆಯಬಾರದು, ಮೊದಲು ಸರಿಯಾದ ಪರೀಕ್ಷೆ ಆಗಲಿ ಎಂದರು. ಫ್ರೀಮನ್ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರ ತಂತ್ರಜ್ಞಾನಕ್ಕಿಂತ ಇಂಥ ಮಾತುಗಳಲ್ಲಿ ನನಗೆ ಹೆಚ್ಚು ಕಾಣುತ್ತದೆ.

ಒಪ್ಪಿಗೆಯ ಪ್ರಶ್ನೆ ಬೇರೆಯೇ ಗಂಟು. ಬ್ರಿಟನ್‌ನ 1983ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಒಪ್ಪಿಗೆಯ ಜೊತೆಗೆ ಹೊರಗಿನವರ ಪರಿಶೀಲನೆಯೂ ಆಗಬೇಕು. ಭಾರತದ 2017ರ ಕಾಯ್ದೆಯಲ್ಲೂ ರೋಗಿಯ ಒಪ್ಪಿಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಎರಡೂ ಬೇಕು. ಕಾಗದದ ಮೇಲೆ ಇದು ಸರಿ. ಆದರೆ ಸಹಿ ಹಾಕುವ ಕೈಯನ್ನು ನೋಡಿ. ಇಪ್ಪತ್ತು ವರ್ಷದಿಂದ ಖಿನ್ನತೆಯಲ್ಲಿರುವ ವ್ಯಕ್ತಿಗೆ ಅಪಾಯ ವಿವರಿಸಿದರೆ, ‘ಸತ್ತರೂ ಪರವಾಗಿಲ್ಲ ಡಾಕ್ಟರೇ, ಮಾಡಿಬಿಡಿ’ ಅನ್ನಬಹುದು. ಅದು ಧೈರ್ಯವೋ, ಕಾಯಿಲೆಯೇ ಆಡಿಸುತ್ತಿರುವ ಮಾತೋ? ಹಾಗಂತ ಖಿನ್ನತೆ ಇದ್ದವರಿಗೆ ನಿರ್ಧಾರ ಮಾಡುವ ಶಕ್ತಿಯೇ ಇಲ್ಲ ಅನ್ನುವುದೂ ತಪ್ಪು. ಹೆಚ್ಚಿನವರಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಒಂದೇ ದಿನ ಕೇಳಿ ಸಹಿ ಹಾಕಿಸಿಕೊಳ್ಳಬಾರದು. ಬೇರೆ ಬೇರೆ ದಿನ, ಆಪರೇಷನ್ ತಂಡಕ್ಕೆ ಸೇರದವರು, ಮನೆಯವರನ್ನು ಹೊರಗೆ ಕೂರಿಸಿ ಮಾತಾಡಿಸಬೇಕು. ‘ಇದರಿಂದ ಏನೂ ಆಗದಿದ್ದರೆ ಮುಂದೇನು ಮಾಡುತ್ತೀರಿ?’ ಎಂದು ಕೇಳಲೇಬೇಕು. ಇದೇ ಕೊನೆಯ ಆಸೆ ಎಂದು ಬಂದವರಿಗೆ ಅದು ಕೈಕೊಟ್ಟ ಮರುದಿನ ತುಂಬ ಅಪಾಯದ ದಿನ.

ಬ್ಯಾಟರಿ ಬದಲಾಯಿಸುವ ಖರ್ಚು ಯಾರದು, ಕಂಪನಿ ಆ ಯಂತ್ರವನ್ನೇ ನಿಲ್ಲಿಸಿದರೆ ತಲೆಯೊಳಗಿನ ವೈರ್ ಯಾರ ಜವಾಬ್ದಾರಿ ಎಂಬುದನ್ನೂ ಮೊದಲೇ ಬರೆದುಕೊಳ್ಳಬೇಕು.

ಇಷ್ಟೆಲ್ಲ ಹೇಳಿದಮೇಲೆ ಮನೋವೈದ್ಯರ ಬಗ್ಗೆಯೇ ಒಂದು ದೂರು. ಆಪರೇಷನ್‌ಗೆ ಕಳಿಸುವ ಮೊದಲು ಎಲ್ಲ ಚಿಕಿತ್ಸೆ ಮುಗಿದಿರಬೇಕು ಎನ್ನುವುದು ನಿಯಮ. ಒಸಿಡಿಗೆ ಹೆದರಿಕೆಯನ್ನು ಎದುರಿಸಿ, ತೊಳೆಯದೆ ತಡೆದುಕೊಳ್ಳುವುದನ್ನು ಹಂತ ಹಂತವಾಗಿ ಕಲಿಸುವ ಥೆರಪಿ ಇದೆ. ಅದನ್ನು ಸರಿಯಾಗಿ, ಸಾಕಷ್ಟು ಗಂಟೆ ಕೊಟ್ಟಿರುತ್ತಾರಾ? ಎಷ್ಟೋ ಸಲ ಇಲ್ಲ. ಮಾತ್ರೆ ಬದಲಾಯಿಸುತ್ತಾ ವರ್ಷ ಕಳೆದಿರುತ್ತಾರೆ. ಇನ್ನೊಂದು ಕಡೆ, ಎಲ್ಲವನ್ನೂ ನಿಜಕ್ಕೂ ಮುಗಿಸಿದ ರೋಗಿಗೆ ಇಂಥದ್ದೊಂದು ದಾರಿ ಇದೆ ಎಂಬ ಮಾತನ್ನೇ ಎತ್ತದ ಮನೋವೈದ್ಯರೂ ಇದ್ದಾರೆ. ಲೊಬಾಟಮಿಯ ನೆನಪಿನಿಂದ ಬಂದ ಮೌನ ಅದು. ಆ ಮೌನ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಅಲ್ಲೂ ರೋಗಿಯನ್ನು ಕೇಳದೆ ರೋಗಿಯ ಪರವಾಗಿ ತೀರ್ಮಾನ ಆಗಿಹೋಗಿರುತ್ತದೆ.

2023ರಲ್ಲಿ ಮೇಬರ್ಗ್ ಇದ್ದ ತಂಡ ಹೊಸದೊಂದು ಪ್ರಯೋಗದ ವರದಿ ಕೊಟ್ಟಿತು. 10 ಜನ ಖಿನ್ನತೆ ರೋಗಿಗಳು. ಈ ಸಲ ಹಾಕಿದ ಯಂತ್ರ ಕರೆಂಟ್ ಬಿಡುವುದರ ಜೊತೆಗೆ ಮಿದುಳಿನ ಸಂಕೇತಗಳನ್ನು ದಾಖಲಿಸಿಕೊಳ್ಳುತ್ತಲೂ ಇತ್ತು. 24 ವಾರದಲ್ಲಿ 9 ಜನ ಸುಧಾರಿಸಿದರು. ರೋಗಿ ಹುಷಾರಾಗುತ್ತಾ ಹೋದಂತೆ ಬದಲಾಗುವ ಸಂಕೇತವೊಂದನ್ನು ಅದರಲ್ಲಿ ಗುರುತಿಸಿದರು. ಹೋಲಿಸಲು ಬೇರೆ ಗುಂಪು ಇಲ್ಲದ ಸಣ್ಣ ಪ್ರಯೋಗ ಇದು, ಅದನ್ನು ಮರೆಯಬಾರದು. ಆದರೆ ಅದರಲ್ಲಿ ಒಬ್ಬರ ವಿಷಯ ಗಮನಿಸಿ. ಕೆಲವು ತಿಂಗಳು ಚೆನ್ನಾಗಿದ್ದು ಆಮೇಲೆ ಅವರಿಗೆ ಖಿನ್ನತೆ ಮರುಕಳಿಸಿತು. ಹಿಂದಿನ ದಾಖಲೆಗಳನ್ನು ತಿರುವಿ ನೋಡಿದಾಗ ಸಂಕೇತ ಹದಗೆಟ್ಟಿದ್ದು ಅದಕ್ಕೂ ಸುಮಾರು ಒಂದು ತಿಂಗಳು ಮೊದಲು. ಆ ಒಂದು ತಿಂಗಳು ಅವರು ಚೆನ್ನಾಗಿಯೇ ಇದ್ದರು. ಡಾಕ್ಟರ ಪಟ್ಟಿಯೂ ಚೆನ್ನಾಗಿದ್ದಾರೆ ಎಂದೇ ಹೇಳುತ್ತಿತ್ತು. ಮುಂದೊಂದು ದಿನ ಇಂಥ ಸಂಕೇತ ಅದೇ ಕ್ಷಣಕ್ಕೆ ಪರದೆ ಮೇಲೆ ಬರುತ್ತದೆ. ಎದುರಿಗೆ ಕೂತ ರೋಗಿ ‘ನಾನು ಚೆನ್ನಾಗಿದ್ದೀನಿ’ ಅನ್ನುತ್ತಾರೆ, ಪರದೆ ‘ಇಲ್ಲ’ ಅನ್ನುತ್ತದೆ. ಕರೆಂಟ್ ಹೆಚ್ಚಿಸಬೇಕಾ ಬೇಡವಾ ಎಂದು ನಿರ್ಧರಿಸಬೇಕಾದ ಮನೋವೈದ್ಯರು ಆಗ ಯಾರ ಮಾತು ಕೇಳಬೇಕು?